ತಂದೆಗೆ ಎರಡು ಮಾತು

ನಮ್ಮ ಮಂಡ್ಯದ ಸೀಮೆಯಲ್ಲಿ ಅಪರಿಚಿತನನ್ನು ಮಾತಿಗೆಳೆಯುವುದಕ್ಕೆ ಪೀಠಿಕೆ ಬೇಕಿಲ್ಲ. "ಯಾವೂರಪ್ಪ? ಯಾರ ಮಗ?" ಎಂಬ ಎರಡು ಪ್ರಶ್ನೆಗಳಾದ ಮೇಲೆಯೇ ಹೆಸರಿನ ಸರದಿ. ಮೊನ್ನೆ ಮದ್ದೂರಿನಲ್ಲಿ ರೈಲು ಹತ್ತಿ ನನ್ನ ಪಕ್ಕದಲ್ಲಿ ಕುಳಿತ ಮಳವಳ್ಳಿ ಕಡೆಯ ತರುಣನನ್ನು ನಾನು ಹೀಗೆಯೇ ವಿಚಾರಿಸಿದೆ. ವಿನಯದಿಂದ ಉತ್ತರವಿತ್ತು ಅವನು ತನ್ನ ಪುಸ್ತಕಕ್ಕೆ ಮರಳಿದ. ನೋಡಿದರೆ, ಅದು ಜಪಾನೀ ಭಾಷೆಯ ಬಾಲಬೋಧೆ! ಆಶ್ಚರ್ಯಪಡಬೇಕಾದುದಿಲ್ಲ. 1997ರಲ್ಲಿ ಟೊಯೋಟಾ ಕಿರ್ಲೋಸ್ಕರ್ ಸಂಸ್ಥೆ ಹುಟ್ಟಿ ಬಿಡದಿಯಲ್ಲಿ ನೆಲೆಯೂರಿದ ಮೇಲೆ, ಈ ದಾರಿಯ ತರುಣರಿಗೆ ಅದು ಕೇವಲ ದೂರದ್ವೀಪದ ಮಾತಾಗಿ ಉಳಿದಿಲ್ಲ.

"ಕಷ್ಟವೇನಪ್ಪ?" ಎಂದೆ.

"ಇಲ್ಲ ಸಾರ್, ಕನ್ನಡದ ಹಾಗೆಯೇ ನಡೆಯುತ್ತದೆ."

ನಿಜವೇ. ಲಿಪಿಯ ಮಾತು ಬೇರೆ. ಅದರ ಗೋಜು ಇಲ್ಲಿ ಬೇಡ. ವಾಕ್ಯದ ನಡೆ ಮಾತ್ರ ನಮ್ಮದೇ. 'ದೋಕೋ ಕರ ಕಿಮಶಿತ ಕ' ಎಂದರೆ 'ಎಲ್ಲಿ-ಇಂದ ಬಂದಿರಿ'. ಕ್ರಿಯಾಪದ ಕೊನೆಗೆ, 'ಬಂದಿರಾ' ಎಂದು ನಾವು ಕಡೆಯ ಸ್ವರವನ್ನೆಳೆಯುವಂತೆ ಅವರದೊಂದು 'ಕ'. ಬಂದೆ, ಬಂದಿರಿ, ಬಂದರು ಎಲ್ಲಕ್ಕೂ ಒಂದೇ 'ಕಿಮಶಿತ' ಸಾಕು. 'ಮಂಡ್ಯ ಕರ ಕಿಮಶಿತ' ಎಂದರೆ ಉತ್ತರ ಮುಗಿಯಿತು.

ತೊಡಕಿರುವುದು "ಯಾರ ಮಗ?" ಎಂಬಲ್ಲಿ. ಕೇಳುವವರು ಎದುರಿನವನ ತಂದೆಯನ್ನು 'ಒತೋಸಾನ್' ಎಂದು ಗೌರವಿಸುತ್ತಾರೆ. ಉತ್ತರಿಸುವ ಮಗ ಆ ಗೌರವವನ್ನು ಕಳಚಿ, ಬರಿಯ 'ಚಿಚಿ' ಎನ್ನಬೇಕು. ಮನೆಯಲ್ಲಿ ಮುಖಾಮುಖಿ ಕರೆಯುವಾಗ ಮತ್ತೆ 'ಒತೋಸಾನ್'! ನಮ್ಮಲ್ಲಿಯಾದರೋ ಇದಕ್ಕೆ ತೀರ ತಿರುಗುಮುರುಗು. ಗದ್ದೆಯ ಬದುವಿನ ಮೇಲೆ ಅಪ್ಪನನ್ನು ಏಕವಚನದಲ್ಲಿ ಕೂಗುವ ಮಗನೂ ಪರಸ್ಥಳದವರೆದುರು 'ನಮ್ಮ ತಂದೆಯವರು' ಎನ್ನುತ್ತಾನೆ. ನಮಗೆ ಏಕವಚನ ಮನೆಯೊಳಗಿನ ಸಲಿಗೆ. ಅವರಿಗೆ ತನ್ನವರನ್ನು ತಗ್ಗಿಸಿ ನುಡಿಯುವುದೇ ಹೊರಗಿನವರಿಗೆ ಸಲ್ಲಿಸುವ ಮರ್ಯಾದೆ. ಎರಡೂ ಸಭ್ಯತೆಯೇ. ಆದರೆ ಕನ್ನಡದ ಕಿವಿಗೆ ಆ ಶಬ್ದ 'ಛೀ ಛೀ' ಎಂದೇ ಕೇಳುವುದನ್ನು ಏನು ಮಾಡೋಣ?

"ಸಂದರ್ಶನದಲ್ಲಿ ಅದೊಂದು ಮಾತಿಗೆ ನಾಲಗೆ ತಡವರಿಸುತ್ತದೆ ಸಾರ್," ಎಂದ ತರುಣ. "ಕಬ್ಬಿನ ಹಣ ಕೈಸೇರುವ ಮುನ್ನವೇ ಸಾಲ ಮಾಡಿ ನನಗೆ ಫೀಸು ಕಟ್ಟಿದವರು ಅವರು."

ನನಗೆ ಉತ್ತರ ತೋಚಲಿಲ್ಲ. ರಾಮನಗರ ದಾಟಿತು. ಬಿಡದಿಯಲ್ಲಿ ಇಳಿಯಲು ಎದ್ದಾಗ ಅವನು ತುಟಿಯೊಳಗೇ ಪಾಠ ಒಪ್ಪಿಸುತ್ತಿದ್ದ: 'ಚಿಚಿ ವ ನೋಕ ದೆಸ್.' ತಂದೆ ರೈತ.