ಪುಸ್ತಕದ ಗಂಟು, ಫಿಲ್ಮಿನ ಡಬ್ಬಿ

ಹಾವೇರಿ ಸೀಮೆಯಲ್ಲಿ ಗಳಗನಾಥರ ಹೆಸರೆತ್ತಿದರೆ ಕಾದಂಬರಿಗಿಂತ ಮೊದಲು ಅವರ ತಲೆಯ ಮೇಲಿನ ಗಂಟಿನ ಮಾತು ಬರುತ್ತದೆ. ಮಾಸ್ತರಿಕೆ ಬಿಟ್ಟು, ಅಗಡಿಯ ಆನಂದವನದಿಂದ ಹೊರಟ ‘ಸದ್ಬೋಧ ಚಂದ್ರಿಕೆ’ಯನ್ನು ನಡೆಸಿ, ತಾವು ಬರೆದ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು ಅವರು. ಅವರಿಗೊಂದು ಅನುಕೂಲವಿತ್ತು. ಪುಸ್ತಕ ಕನ್ನಡದ್ದು, ಓಣಿಯಲ್ಲಿ ಒಬ್ಬರಿಗೆ ಅಕ್ಷರ ಬಂದರೂ ಸುತ್ತ ಕೂತವರಿಗೆಲ್ಲ ಕತೆ ದಕ್ಕುತ್ತಿತ್ತು.

ಆಫ್ರಿಕದ ಸಿನಿಮಾದ ಪಿತಾಮಹ ಎನ್ನಿಸಿಕೊಂಡದ್ದು ಆ ಅನುಕೂಲವಿಲ್ಲದ ಒಬ್ಬ ಕಾದಂಬರಿಕಾರ. ಉಸ್ಮಾನ್ ಸೆಂಬೆನ್ 1923ರಲ್ಲಿ ಸೆನೆಗಲ್‌ನಲ್ಲಿ ಹುಟ್ಟಿದವರು, ಮೀನುಗಾರನ ಮಗ. ಫ್ರಾನ್ಸಿನ ಮಾರ್ಸೆ ಬಂದರಿನಲ್ಲಿ ಹಮಾಲಿ ಮಾಡುತ್ತ ಬರೆಯಲು ಕಲಿತರು. 1956ರಲ್ಲಿ ಬಂದ ಮೊದಲ ಕಾದಂಬರಿಯೂ ಒಬ್ಬ ಹಮಾಲನ ಕತೆಯೇ. ಆದರೆ ಬರೆದದ್ದು ಫ್ರೆಂಚಿನಲ್ಲಿ. 1960ರಲ್ಲಿ ದೇಶ ಸ್ವತಂತ್ರವಾಯಿತು. ಊರಿಗೆ ಮರಳಿ ಆಫ್ರಿಕ ಸುತ್ತಿದಾಗ ಅವರಿಗೆ ಕಂಡದ್ದು ಇಷ್ಟು: ತಾನು ಯಾರ ಬಗ್ಗೆ ಬರೆದೆನೋ ಅವರಾರೂ ಅದನ್ನು ಓದಲಾರರು. ನಲವತ್ತರ ಹೊಸ್ತಿಲಲ್ಲಿದ್ದ ಲೇಖಕ ಕ್ಯಾಮೆರಾ ಹಿಡಿಯುವುದನ್ನು ಕಲಿಯಲು ಮಾಸ್ಕೋಗೆ ಹೊರಟರು.

1963ರಲ್ಲಿ ಬಂದ ‘ಬೊರೊಂ ಸಾರೆ’ ಇಪ್ಪತ್ತು ನಿಮಿಷದ ಚಿತ್ರ. ಡಾಕಾರ್ ನಗರದ ಕುದುರೆ ಗಾಡಿಯವನೊಬ್ಬನ ಒಂದು ದಿನ, ಅಷ್ಟೇ. ಸಾಹುಕಾರರ ಬಡಾವಣೆಗೆ ಗಾಡಿ ಹೊಡೆದನೆಂದು ಪೊಲೀಸನು ಗಾಡಿಯನ್ನೇ ಕಿತ್ತುಕೊಳ್ಳುತ್ತಾನೆ, ಸಂಜೆ ಬರಿಗೈ. ಇದಕ್ಕೆ ಮೊದಲು ಆಫ್ರಿಕದವರು ಪ್ರಯತ್ನಿಸಿರಲಿಲ್ಲವೆಂದಲ್ಲ. ಫ್ರೆಂಚ್ ವಸಾಹತುಗಳಲ್ಲಿ ಸರ್ಕಾರದ ಅಪ್ಪಣೆಯಿಲ್ಲದೆ ಚಿತ್ರ ತೆಗೆಯಬಾರದೆಂದು 1934ರಲ್ಲೇ ಕಾಯ್ದೆಯಾಗಿತ್ತು. ಹೀಗಾಗಿ ಆಫ್ರಿಕದವರಾದ ಪೋಲಾಂ ವಿಯೆರಾ ಮತ್ತು ಗೆಳೆಯರು 1955ರಲ್ಲಿ ತಮ್ಮ ಚಿತ್ರವನ್ನು ಪ್ಯಾರಿಸ್ಸಿನ ಬೀದಿಗಳಲ್ಲಿ ತೆಗೆಯಬೇಕಾಯಿತು.

ಮಾಧ್ಯಮವೇನೋ ಸಿಕ್ಕಿತು, ನುಡಿ ಸಿಗಲು ಇನ್ನೈದು ವರ್ಷ ಹಿಡಿಯಿತು. 1968ರ ‘ಮಂಡಾಬಿ’ ಸೆನೆಗಲ್‌ನ ವೊಲೋಫ್ ನುಡಿಯಲ್ಲಿ ಮಾತಾಡಿತು. ಹೆಸರಿನ ಅರ್ಥ ಮನಿಯಾರ್ಡರ್. ಕಥಾನಾಯಕ ಇಬ್ರಾಹಿಮಾ ದಿಯೆಂಗ್‌ಗೆ ಪ್ಯಾರಿಸ್ಸಿನಲ್ಲಿ ಬೀದಿ ಗುಡಿಸುವ ಸೋದರಳಿಯ 25,000 ಫ್ರಾಂಕ್ ಕಳಿಸುತ್ತಾನೆ. ಅಂಚೆ ಕಚೇರಿಯವರು ಗುರುತಿನ ಚೀಟಿ ಕೇಳುತ್ತಾರೆ; ಚೀಟಿಗೆ ಫೋಟೊ ಬೇಕು, ಹುಟ್ಟಿದ ದಾಖಲೆ ಬೇಕು; ದಾಖಲೆಗೆ ಹುಟ್ಟಿದ ತಾರೀಖು ಬೇಕು. ನಮ್ಮ ಹಿರಿಯರಲ್ಲಿ ಅರ್ಧಕ್ಕರ್ಧ ಜನ ಹೆಡ್‌ಮಾಸ್ತರರ ಕೃಪೆಯಿಂದ ಜೂನ್ 1ಕ್ಕೆ ಹುಟ್ಟಿಬಿಟ್ಟರು. ಪಾಪ, ದಿಯೆಂಗ್‌ಗೆ ಅಂಥ ಮಾಸ್ತರರು ಸಿಕ್ಕಿರಲಿಲ್ಲ. ದುಡ್ಡು ಕೈಗೆ ಬರುವ ಮೊದಲೇ ಸಾಲಗಾರನಾಗುತ್ತಾನೆ. ಇಷ್ಟು ನಗಿಸಿ ಇಷ್ಟು ಸಂಕಟ ಕೊಡುವ ಚಿತ್ರಗಳು ಕಡಿಮೆ.

ತೆಗೆದದ್ದಾಯಿತು, ತೋರಿಸುವುದೆಲ್ಲಿ? ಫ್ರೆಂಚ್ ನುಡಿಯ ಪಶ್ಚಿಮ ಆಫ್ರಿಕದ ಟಾಕೀಸುಗಳಿಗೆ ಚಿತ್ರ ಹಂಚುತ್ತಿದ್ದವು ಎರಡೇ ವಿದೇಶಿ ಕಂಪನಿಗಳು. ಅಮೆರಿಕದ್ದು, ಫ್ರೆಂಚಿನದು, ಕೊನೆಗೆ ನಮ್ಮ ಹಿಂದಿಯದೂ ಅಲ್ಲಿ ಓಡುತ್ತಿತ್ತು. ಆಫ್ರಿಕದ್ದು ಮಾತ್ರ ಇಲ್ಲ. ಇವತ್ತು ಬುರ್ಕಿನಾ ಫಾಸೊ ಎನ್ನುವ ಬಡ ದೇಶದ ರಾಜಧಾನಿ ವಾಗಡೂಗುವಿನಲ್ಲಿ ಕೆಲವು ಸಿನಿಮಾ ಪ್ರೇಮಿಗಳು 1969ರ ಫೆಬ್ರುವರಿಯಲ್ಲಿ ಆಫ್ರಿಕದ ಚಿತ್ರಗಳನ್ನು ಕೂಡಿಸಿ ತೋರಿಸಿದರು. ಸಮಿತಿಯ ಮುಂದಾಳು ಅಲಿಮಾಟಾ ಸಲಾಂಬೆರೆ ಎಂಬ ಹೆಣ್ಣುಮಗಳು, ಬೆನ್ನಿಗೆ ಸೆಂಬೆನ್. ಜನ ಮುಗಿಬಿದ್ದರು. ಮರುವರ್ಷ ಸರ್ಕಾರ ಟಾಕೀಸುಗಳನ್ನೇ ತನ್ನ ವಶಕ್ಕೆ ತೆಗೆದುಕೊಂಡಿತು. 1969ರ ಆ ಪ್ರದರ್ಶನವೇ ಇಂದಿನ ಫೆಸ್ಪಾಕೊ ಚಿತ್ರೋತ್ಸವ. ಅದರ ದೊಡ್ಡ ಬಹುಮಾನ ಕುದುರೆಯೇರಿದ ರಾಜಕುಮಾರಿ ಯೆನ್ನೆಂಗಾಳ ಹೆಸರಿನ ಬಂಗಾರದ ಕುದುರೆ. ಊರ ನಡುವೆ ಫಿಲ್ಮ್ ಡಬ್ಬಿ, ಲೆನ್ಸುಗಳನ್ನು ಪೇರಿಸಿದಂಥ ಕಂಬವೊಂದಿದೆ, ಸಿನಿಮಾದವರ ಗರುಡಗಂಬ. 2025ರಲ್ಲಿ ಕುದುರೆ ಗೆದ್ದದ್ದು ಆ ದೇಶದವರೇ ಆದ ಡಾನಿ ಕುಯಾಟೆ. ಹೊಸ ತಲೆಮಾರಿನ ಮಾಟಿ ಡಿಯೊಪ್ 2024ರಲ್ಲಿ ಬರ್ಲಿನ್ನಿನ ಚಿನ್ನದ ಕರಡಿ ತಂದ ‘ದಹೋಮಿ’ಯಲ್ಲಿ ಪ್ಯಾರಿಸ್ಸಿನಿಂದ ಊರಿಗೆ ಮರಳುವ ವಿಗ್ರಹವೊಂದು ಫೋನ್ ಎಂಬ ಆಫ್ರಿಕದ ನುಡಿಯಲ್ಲಿ ಮಾತಾಡುತ್ತದೆ.

ಸೆಂಬೆನ್ ಗಂಟು ಹೊರುವುದನ್ನು ಬಿಡಲಿಲ್ಲ. ತಮ್ಮ ಚಿತ್ರಗಳ ಡಬ್ಬಿ ಹಿಡಿದು ಹಳ್ಳಿಗಳಿಗೆ ಹೋಗಿ ತೋರಿಸಿ, ಮುಗಿದ ಮೇಲೆ ಜನರೊಡನೆ ಚರ್ಚೆಗೆ ಕೂರುತ್ತಿದ್ದರು. ಗೆಳೆಯರೊಡನೆ ವೊಲೋಫ್ ಪತ್ರಿಕೆಯೊಂದನ್ನೂ ಹೊರಡಿಸಿದರು. 1977ರಲ್ಲಿ ‘ಚೆಡ್ಡೊ’ ತೆಗೆದಾಗ ಅಧ್ಯಕ್ಷ ಸೆಂಘೋರ್, ತಾವೂ ಫ್ರೆಂಚಿನ ದೊಡ್ಡ ಕವಿ, ಸರ್ಕಾರದ ಕಾಗುಣಿತದ ಪ್ರಕಾರ ಆ ಪದಕ್ಕೆ ಒಂದೇ ‘ಡ’ ಎಂದು ಚಿತ್ರವನ್ನು ತಡೆದರು. ಧರ್ಮ, ಅಧಿಕಾರಗಳನ್ನು ಚಿತ್ರ ಕೆಣಕಿದ್ದೇ ನಿಜವಾದ ಕಾರಣವೆಂದು ಆಗಲೇ ಜನ ಆಡಿಕೊಂಡರು. ಸೆಂಘೋರ್ ಅಧಿಕಾರ ಬಿಡುವವರೆಗೂ ಅದು ಸೆನೆಗಲ್‌ನ ತೆರೆ ಕಾಣಲಿಲ್ಲ. ಸೆಂಬೆನ್ ಒತ್ತಕ್ಷರ ತೆಗೆಯಲಿಲ್ಲ.