ನಿಮಗಿದು ಗೊತ್ತೆ?: ಡಿಕ್ಕಿಯಲ್ಲಿ ಬಾಂಬ್, ರೇಡಿಯೊದಲ್ಲಿ ಹಾಡು

ಆರ್ಸನ್ ವೆಲ್ಸ್ ನಿರ್ದೇಶನದ ಅಪರಾಧ ಚಿತ್ರ ‘ಟಚ್ ಆಫ್ ಈವಿಲ್’ (1958) ಶುರುವಾಗುವುದೇ ಟೈಮ್‌ಬಾಂಬ್‌ನಿಂದ. ಅದನ್ನು ಕಾರಿನ ಡಿಕ್ಕಿಗೆ ಹಾಕಿದ್ದು ಪ್ರೇಕ್ಷಕರಿಗಷ್ಟೇ ಗೊತ್ತು. ಕ್ರೇನ್ ಏರಿದ ಕ್ಯಾಮೆರಾ ಮೂರು ನಿಮಿಷಕ್ಕೂ ಹೆಚ್ಚು ಹೊತ್ತು, ಒಂದೂ ಕಟ್ ಇಲ್ಲದೆ, ಮೆಕ್ಸಿಕೊ ಗಡಿಯ ಬೀದಿಗಳಲ್ಲಿ ಕಾರಿನ ಬೆನ್ನು ಹತ್ತುತ್ತದೆ. ನವದಂಪತಿ ವರ್ಗಾಸ್ ಮತ್ತು ಸೂಸನ್ ಏನೂ ಅರಿಯದೆ ಅದರ ಆಸುಪಾಸಿನಲ್ಲೇ ನಡೆಯುತ್ತಾರೆ. ಕಾರಿನಲ್ಲಿ ಕುಳಿತವಳು ತಲೆಯೊಳಗೆ ‘ಟಿಕ್ ಟಿಕ್’ ಕೇಳಿಸುತ್ತಿದೆ ಎಂದರೂ ಯಾರೂ ಕಿವಿಗೊಡುವುದಿಲ್ಲ. ಎದೆ ಝಲ್ಲೆನ್ನುವುದು ಅಲ್ಲೇ!

ಸ್ಟುಡಿಯೊದವರು ಈ ದೃಶ್ಯದ ಮೇಲೆ ಹೆಸರುಗಳನ್ನೂ ಹೆನ್ರಿ ಮ್ಯಾನ್ಸಿನಿ ಸಂಗೀತವನ್ನೂ ಹೇರಿದ್ದರು. ಬದಲಾವಣೆ ಕೋರಿ ವೆಲ್ಸ್ 58 ಪುಟಗಳ ಟಿಪ್ಪಣಿಯನ್ನೇ ಬರೆದರು. ಅದನ್ನು ಆಧರಿಸಿ 1998ರಲ್ಲಿ ವಾಲ್ಟರ್ ಮರ್ಚ್ ಚಿತ್ರವನ್ನು ಮರುಸಂಕಲನ ಮಾಡಿದರು. ಅದರಲ್ಲಿ ಬಾರ್‌ಗಳ ಹಾಡು, ಕಾರಿನ ರೇಡಿಯೊ ಸ್ಪಷ್ಟವಾಗಿ ಕೇಳುತ್ತವೆ. ರೇಡಿಯೊ ಸದ್ದು ಜೋರಾದರೆ ಬಾಂಬ್ ಹತ್ತಿರ ಬಂತೆಂದೇ ಲೆಕ್ಕ.