ಸೂರಿನ ಮೇಲೊಂದು ಸೂರು

1898ರ ಪ್ಲೇಗಿನ ಹಾವಳಿಯ ತರುವಾಯ ಬೆಳೆದ ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಮದ್ರಾಸು ತಾರಸಿಯ ಮನೆಗಳು ಇಂದಿಗೂ ಅಲ್ಲಲ್ಲಿ ಉಳಿದುಕೊಂಡಿವೆ. ತೇಗದ ತೊಲೆಗಳು, ಅವುಗಳ ಮೇಲೆ ಓರೆಯಾಗಿ ಅಂಚೂರಿ ನಿಲ್ಲಿಸಿದ ತೆಳ್ಳನೆಯ ಇಟ್ಟಿಗೆಗಳು, ಅದರ ಮೇಲೆ ಸುಣ್ಣದ ಗಾರೆ: ಇಷ್ಟೇ ಆ ಸೂರಿನ ಮೈಕಟ್ಟು. ಬೇಸಗೆಯಲ್ಲಿ ಅದರ ತಂಪೇ ತಂಪು. ಮಳೆಗಾಲ ಬಂದಿತೆಂದರೆ ಮಾತ್ರ ಗಾರೆ ಬಿರಿದೆಡೆಯಲ್ಲೆಲ್ಲ ಪಾತ್ರೆ ಬಟ್ಟಲುಗಳನ್ನಿಡುವುದು ಮನೆಯಾಕೆಯ ಪಾಲಿನ ಕೆಲಸವಾಗುತ್ತದೆ. ಮಗನ ಮದುವೆ ಗೊತ್ತಾದರಂತೂ ಮಹಡಿಯ ಮೇಲೊಂದು ಕೊಠಡಿಯೂ ಬೇಕು. ಹಿರಿಯರು ಕಟ್ಟಿಸಿದ್ದನ್ನು ಕೆಡವಲು ಮನಸ್ಸು ಬಾರದು; ಕೆಡವಿದರೆ ಸಂಸಾರವೆಲ್ಲ ಬಾಡಿಗೆಯ ಮನೆ ಹುಡುಕಬೇಕು. ಆಗ ಹೊಳೆಯುವ ಉಪಾಯವೇ ಹಳೆಯ ತಾರಸಿಗಿಂತ ಒಂದು ಗೇಣು ಮೇಲೆ ಹೊಸ ಕಾಂಕ್ರೀಟು ಮೋಲ್ಡು ಹಾಕಿಸುವುದು.

ಉಪಾಯವೇನೋ ಸೊಗಸಾದುದೇ. ನಡುವಣ ಗಾಳಿಯ ಪದರ ಬಿಸಿಲಿನ ಝಳವನ್ನು ತಡೆಯುತ್ತದೆ. ಕೆಳಗಿನ ಕೋಣೆ ಮೊದಲಿನಂತೆಯೇ ಉಳಿಯುತ್ತದೆ. ಆದರೆ ಹಸಿಯ ಕಾಂಕ್ರೀಟಿಗೆ ಭಾರವುಂಟು, ಬಲವಿಲ್ಲ. 12 ಚದರ ಮೀಟರಿನ ಕೋಣೆಗೆ 125 ಮಿಲಿಮೀಟರು ದಪ್ಪದ ಮೋಲ್ಡು ಹಾಕಿದರೆ ಅದರ ತೂಕವೇ ಸುಮಾರು 3,750 ಕಿಲೋಗ್ರಾಂ. ಅದನ್ನು ಹೊರುವ ಸೆಂಟ್ರಿಂಗಿನ ಕಾಲುಗಳು ಊರುವುದು ಮುದಿ ತಾರಸಿಯ ಮೇಲೆಯೇ! ಗೋಡೆಯಲ್ಲಿ ಹುದುಗಿದ ತೊಲೆಯ ತುದಿಯನ್ನು ಗೆದ್ದಲು ತಿಂದಿದ್ದರೂ ಹೊರಗಿನಿಂದ ಕಾಣುವುದಿಲ್ಲ. ಆದುದರಿಂದ ಕೆಳಗಿನ ಕೋಣೆಯಲ್ಲಿ ಪ್ರತಿಯೊಂದು ತೊಲೆಗೂ ಆಸರೆಗಂಬ ಕೊಟ್ಟು, ಭಾರವನ್ನು ನೇರವಾಗಿ ನೆಲಕ್ಕಿಳಿಸುವುದು ಅವಶ್ಯ. ಹೊಸ ಸೂರಿನ ಹರವು 4.5 ಮೀಟರಿನೊಳಗಿದ್ದರೆ 7 ದಿನ, ಅದಕ್ಕೂ ಮೀರಿದರೆ 14 ದಿನ ಕಳೆಯುವ ಮೊದಲು ಆಸರೆ ತೆಗೆಯಲಾಗದೆಂಬುದು ಭಾರತೀಯ ಮಾನಕದ ಕಟ್ಟಳೆ.

ಇಷ್ಟಾದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಮೋಲ್ಡಿನ ಕೆಳಗಿನ ಹಲಗೆಗಳನ್ನು ತೆಗೆಯುವವರಾರು? ಗೇಣುದ್ದದ ಆ ಸಂದಿಯಲ್ಲಿ ಬೆಕ್ಕು ನುಸುಳೀತೇ ಹೊರತು ಮೇಸ್ತ್ರಿ ನುಸುಳಲಾರ. “ಇದ್ದರೆ ಇರಲಿ ಬಿಡಿ ಸ್ವಾಮಿ” ಎಂದು ಆತ ಕೈತೊಳೆದುಕೊಂಡರೆ ಹಲಗೆಗಳು ಗೆದ್ದಲಿಗೆ ಔತಣವಾಗುವುದಷ್ಟೇ ಅಲ್ಲ. ಎರಡು ಸೂರುಗಳ ನಡುವೆ ಬೆಣೆಯಂತೆ ಸಿಕ್ಕಿಕೊಂಡ ಕಾಲುಗಳು ಮೇಲಿನ ಕೊಠಡಿಯ ಭಾರವನ್ನು ಹಳೆಯ ತೊಲೆಗಳಿಗೆ ನಿರಂತರವಾಗಿ ದಾಟಿಸುತ್ತಲೇ ಇರುತ್ತವೆ. ಯಾವ ಸೂರನ್ನು ಉಳಿಸಲು ಇಷ್ಟೆಲ್ಲ ಪಾಡೋ ಆ ಸೂರೇ ಅದರಿಂದ ಜಗ್ಗುತ್ತದೆ.

ಸೆಂಟ್ರಿಂಗಿನ ಹಂಗೇ ಇಲ್ಲದ ಮಾರ್ಗವೂ ಇದೆ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು ರೂಢಿಗೆ ತಂದ ಪದ್ಧತಿಯಲ್ಲಿ ಕಾಂಕ್ರೀಟಿನ ತೊಲೆ, ಹಲಗೆಗಳನ್ನು ನೆಲದ ಮೇಲೆಯೇ ಎರಕಹೊಯ್ದು, ಗಟ್ಟಿಯಾದ ಮೇಲೆ ಎತ್ತಿ ಜೋಡಿಸುತ್ತಾರೆ. ತೊಲೆಗಳು ಗೋಡೆಯಿಂದ ಗೋಡೆಗೆ. ಹಲಗೆಗಳು ತೊಲೆಯಿಂದ ತೊಲೆಗೆ. ಅವುಗಳ ಮೇಲೆ ತೆಳುವಾಗಿ ಕಾಂಕ್ರೀಟು ಹಾಸಿದರಾಯಿತು. ತೆಗೆಯಬೇಕಾದದ್ದು ಸಂದಿಯಲ್ಲಿ ಏನೂ ಉಳಿಯದು. ಅಲೆಯಲೆಯಾದ ಉಕ್ಕಿನ ತಗಡು ಹಾಸಿ, ಅದನ್ನಲ್ಲಿಯೇ ಬಿಟ್ಟು ಮೇಲೆ ಕಾಂಕ್ರೀಟು ಸುರಿಯುವುದೂ ಉಂಟು. ಖರ್ಚು ತುಸು ಹೆಚ್ಚು.

ಯಾವ ಮಾರ್ಗ ಹಿಡಿದರೂ ಹೊಸ ಭಾರವೆಲ್ಲ ಬಂದು ಕೂರುವುದು ಹಳೆಯ ಗೋಡೆಯ ಮೇಲೆ. ಮೇಸ್ತ್ರಿಗೆ ಮುಂಗಡ ಕೊಡುವ ಮೊದಲು ಗಿಲಾವು ಕೆತ್ತಿಸಿ, ಎಂಜಿನಿಯರೊಬ್ಬರಿಂದ ಗೋಡೆ, ಬುನಾದಿಗಳೆರಡನ್ನೂ ಪರೀಕ್ಷಿಸಿಸಬೇಕು. ಇಟ್ಟಿಗೆಗಳ ನಡುವೆ ಸುಣ್ಣದ ಗಾರೆಯಿಲ್ಲದೆ ಬೆರಳು ತಾಕಿದರೆ ಉದುರುವ ಬರಿಯ ಮಣ್ಣೇ ಇದ್ದರೆ, ಹೊಸ ಸೂರಿಗೆ ಬುನಾದಿಯಿಂದಲೇ ಬೇರೆ ಕಂಬಗಳನ್ನು ಎಬ್ಬಿಸಬೇಕಾಗುತ್ತದೆ.